ಎಣ್ಣೆಯಲ್ಲಿ ನೀರು: ಬಿಸಿಯೇರಿದ ಎಂಜಿನ್ನಿನ ರೋಗಪರೀಕ್ಷೆ

ಮೋಟಾರು ಕಾರಿನ ಎಂಜಿನ್ನಿನಲ್ಲಿ ಮೂರು ವಸ್ತುಗಳು ಅಕ್ಕಪಕ್ಕದಲ್ಲಿಯೇ ಇದ್ದರೂ ಒಂದನ್ನೊಂದು ಮುಟ್ಟುವಂತಿಲ್ಲ. ಮೊದಲನೆಯದು ಸಿಲಿಂಡರಿನೊಳಗೆ ಉರಿಯುವ ಅನಿಲ; ಎರಡನೆಯದು ಸಿಲಿಂಡರುಗಳ ಹೊರಸುತ್ತಿನಲ್ಲಿ ಹರಿದು ಶಾಖವನ್ನು ಹೊತ್ತೊಯ್ಯುವ ನೀರು; ಮೂರನೆಯದು ಒಂದರ ಮೇಲೊಂದು ಉಜ್ಜುವ ಲೋಹದ ಭಾಗಗಳ ನಡುವೆ ನಿಂತು ಸವೆತವನ್ನು ತಡೆಯುವ ಎಣ್ಣೆ. ಇವುಗಳ ನಡುವಣ ಗೋಡೆ ಹಲವೆಡೆ ಕೆಲವೇ ಮಿಲಿಮೀಟರು ದಪ್ಪದ ಲೋಹ. ಎಂಜಿನ್ನಿನ ತಲೆಯೂ ಒಡಲೂ ಕೂಡುವ ಜಾಗದಲ್ಲಿಯಂತೂ ಅಷ್ಟೂ ಇಲ್ಲ. ಅಲ್ಲಿರುವುದು ತೂತುಗಳಿರುವ ಒಂದು ತೆಳುವಾದ ಹಾಳೆ. ಇದಕ್ಕೆ ಹೆಡ್ ಗ್ಯಾಸ್ಕೆಟ್ ಎಂದು ಹೆಸರು. ಈ ಗಡಿ ಎಲ್ಲಿಯಾದರೂ ಒಡೆದು ನೀರು ಎಣ್ಣೆಯನ್ನು ಸೇರಿತೆಂದರೆ, ಹತ್ತಾರು ವರ್ಷ ಬಾಳಬೇಕಾದ ಎಂಜಿನ್ನು ಒಂದೇ ಪ್ರಯಾಣದಲ್ಲಿ ಹಾಳಾಗಬಹುದು. ಗಡಿ ಒಡೆದಿರುವುದು ಎಲ್ಲಿ ಎಂಬುದನ್ನು ಎಂಜಿನ್ನನ್ನು ಬಿಚ್ಚುವ ಮೊದಲೇ ತರ್ಕದಿಂದ ಕಂಡುಹಿಡಿಯಬಹುದೆ? ಬಹುಮಟ್ಟಿಗೆ ಸಾಧ್ಯ. ಅದಕ್ಕೆ ಬೇಕಾದದ್ದು ಪ್ರೌಢಶಾಲೆಯ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಬಂಡವಾಳ ಮತ್ತು ಸ್ವಲ್ಪ ತಾಳ್ಮೆ.

ನೀರೆಂದು ನಾವಿಲ್ಲಿ ಕರೆಯುತ್ತಿರುವುದು ಈಗಿನ ಕಾರುಗಳಲ್ಲಿ ಬರಿಯ ನೀರಲ್ಲ. ಎಥಿಲೀನ್ ಗ್ಲೈಕಾಲನ್ನೂ ತುಕ್ಕು ತಡೆಯುವ ಲವಣಗಳನ್ನೂ ಬಣ್ಣವನ್ನೂ ಬೆರೆಸಿದ ದ್ರವ. ಅಂಗಡಿಗಳಲ್ಲಿ ಇದನ್ನು ಕೂಲೆಂಟ್ ಎನ್ನುತ್ತಾರೆ. ಇದು ರುಚಿಗೆ ಸಿಹಿ, ಆದರೆ ಘೋರ ವಿಷ. ನೆಲದಲ್ಲಿ ಚೆಲ್ಲಿದ್ದನ್ನು ನೆಕ್ಕಿ ನಾಯಿಗಳು ಸಾಯುವುದುಂಟು.

ಮೊದಲು ಶಾಖದ ವಿಚಾರವನ್ನು ನೋಡೋಣ. ಪೆಟ್ರೋಲು ಹೊತ್ತಿಕೊಂಡ ಕ್ಷಣದಲ್ಲಿ ಸಿಲಿಂಡರಿನೊಳಗಿನ ಉಷ್ಣತೆ 2000 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. ಎಂಜಿನ್ನಿನ ತಲೆಯನ್ನು ಎರಕ ಹೊಯ್ದಿರುವುದು ಅಲ್ಯೂಮಿನಿಯಂ ಮಿಶ್ರಲೋಹದಿಂದ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿಯೇ ಕರಗುತ್ತದೆ. ಹಾಗಿದ್ದೂ ತಲೆ ಕರಗದೆ ಉಳಿಯುವುದು ಏಕೆ? ಉರಿ ಕ್ಷಣಮಾತ್ರದ್ದು ಎಂಬುದು ಒಂದು ಕಾರಣ. ಗೋಡೆಯ ಹಿಂದುಗಡೆ ನೀರು ಎಡೆಬಿಡದೆ ಹರಿಯುತ್ತಿದೆ ಎಂಬುದು ಇನ್ನೊಂದು. ಪೆಟ್ರೋಲಿನ ಶಕ್ತಿಯಲ್ಲಿ ನಮಗೆ ಕೆಲಸವಾಗಿ ದೊರೆಯುವುದು ಕಾಲು ಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಮಾತ್ರ. ಹೆಚ್ಚುಕಡಿಮೆ ಅಷ್ಟೇ ಪಾಲು ನೀರಿನ ಮೂಲಕ ರೇಡಿಯೇಟರನ್ನು ಸೇರಿ ಗಾಳಿಗೆ ಹೋಗುತ್ತದೆ. ಉಳಿದದ್ದು ಹೊಗೆಕೊಳವೆಯ ಪಾಲು.

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಎಂಜಿನ್ನಿನ ನೀರಿನ ಸಾಮಾನ್ಯ ಉಷ್ಣತೆಯೇ 85ರಿಂದ 95 ಡಿಗ್ರಿಯವರೆಗೆ ಇರುವುದರಿಂದ ಘಟ್ಟದ ಮೇಲಿನ ಊರುಗಳಲ್ಲಿ ಇದು ಅಪಾಯದ ಅಂಚು. ಆದ್ದರಿಂದಲೇ ರೇಡಿಯೇಟರಿನ ಮುಚ್ಚಳಕ್ಕೆ ಸ್ಪ್ರಿಂಗನ್ನು ಅಳವಡಿಸಿ, ಒಳಗೆ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಮಿನಷ್ಟು ಹೆಚ್ಚು ಒತ್ತಡ ನಿಲ್ಲುವಂತೆ ಮಾಡಿರುತ್ತಾರೆ. ಆಗ ಬರಿಯ ನೀರು ಸಹ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಗ್ಲೈಕಾಲ್ ಬೆರೆತಿದ್ದರೆ ಇನ್ನೂ ಮೇಲೆ.

ಬಿಸಿ ಎಂಜಿನ್ನಿನ ಮುಚ್ಚಳವನ್ನು ತೆರೆಯಬಾರದೆಂಬ ಎಚ್ಚರಿಕೆಯ ಅರ್ಥವೂ ಇಲ್ಲಿಯೇ ಇದೆ. ಒಳಗೆ 5 ಲೀಟರು ನೀರು 120 ಡಿಗ್ರಿಯಲ್ಲಿದೆ ಎಂದುಕೊಳ್ಳಿರಿ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ಆ ನೀರು ಒಮ್ಮೆಗೇ 100 ಡಿಗ್ರಿಗೆ ಬರಬೇಕು. ಹೆಚ್ಚಾದ 20 ಡಿಗ್ರಿಯ ಶಾಖವು ನೀರಿನ ಸುಮಾರು ಶೇಕಡ 4 ಭಾಗವನ್ನು ಆವಿಯಾಗಿಸಲು ಸಾಕು. ಅಷ್ಟೇ ತಾನೆ ಎನ್ನಬೇಡಿರಿ. ನೀರು ಆವಿಯಾದಾಗ ಅದರ ಗಾತ್ರ 1,600 ಮಡಿಗೂ ಮಿಗಿಲಾಗಿ ಹಿಗ್ಗುವುದರಿಂದ, ಸುಮಾರು 300 ಲೀಟರು ಆವಿಯು ಉಳಿದ ಕುದಿನೀರನ್ನೂ ತಳ್ಳಿಕೊಂಡು ತೆರೆದವನ ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಯುವುದೊಂದೇ ದಾರಿ.

ಇನ್ನು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಾಲ್ಕು ಸಿಲಿಂಡರಿನ ಪೆಟ್ರೋಲು ಕಾರೊಂದು ಉಜಿರೆಯಿಂದ ಚಾರ್ಮಾಡಿ ಘಾಟಿಯನ್ನು ಹತ್ತುತ್ತಿದೆ. ಅದರ ಒಡಲು ಎರಕದ ಕಬ್ಬಿಣದ್ದು, ತಲೆ ಅಲ್ಯೂಮಿನಿಯಮಿನದು. ಬಯಲಿನ ರಸ್ತೆಯಲ್ಲಿ ಯಾವ ತೊಂದರೆಯನ್ನೂ ಕೊಡದಿದ್ದ ಗಾಡಿ. ಏರಿನಲ್ಲಿ ಉಷ್ಣತೆಯ ಮುಳ್ಳು ಮೆಲ್ಲಗೆ ಕೆಂಪುಗೆರೆಯ ಕಡೆಗೆ ಸರಿಯಿತು. ಮುಂದಿನ ತಿರುವುಗಳಲ್ಲಿ ಕೆಂಪನ್ನು ಮುಟ್ಟಿತು. ಆಮೇಲೆ ಇದ್ದಕ್ಕಿದ್ದಂತೆ ಕೆಳಗಿಳಿಯಿತು. ಗಂಡಾಂತರ ಕಳೆಯಿತೆಂದು ಚಾಲಕನು ಕೊಟ್ಟಿಗೆಹಾರದವರೆಗೆ ಗಾಡಿಯನ್ನು ಓಡಿಸಿಬಿಟ್ಟನು. ವಾಸ್ತವವಾಗಿ ಗಂಡಾಂತರ ಆರಂಭವಾದದ್ದು ಮುಳ್ಳು ಇಳಿದಾಗಲೇ. ಆ ಮುಳ್ಳಿಗೆ ಸುದ್ದಿ ಕೊಡುವ ಉಷ್ಣಗ್ರಾಹಕ ನೀರಿನಲ್ಲಿ ಮುಳುಗಿರಬೇಕು. ನೀರು ಕುದಿದು ಹೊರಹೋಗಿ ಮಟ್ಟ ತಗ್ಗಿದಾಗ ಅದು ಬರಿಯ ಆವಿಯಲ್ಲಿಯೋ ಗಾಳಿಯಲ್ಲಿಯೋ ನಿಲ್ಲುತ್ತದೆ. ಲೋಹ ಸುಡುತ್ತಿದ್ದರೂ ಮುಳ್ಳು ತಂಪೆಂದು ಹೇಳುತ್ತದೆ. ಆವಿಯ ಉಷ್ಣವಾಹಕತೆ ನೀರಿನದರಲ್ಲಿ ಇಪ್ಪತ್ತರಲ್ಲೊಂದು ಭಾಗವೂ ಇಲ್ಲ.

ಆ ಹೊತ್ತಿನಲ್ಲಿ ಎಂಜಿನ್ನಿನೊಳಗೆ ಏನಾಯಿತು? ತಲೆಯ ಉದ್ದ 40 ಸೆಂಟಿಮೀಟರೆಂದಿಟ್ಟುಕೊಳ್ಳೋಣ. ಉಷ್ಣತೆ 100 ಡಿಗ್ರಿ ಏರಿದರೆ ಅಷ್ಟುದ್ದದ ಅಲ್ಯೂಮಿನಿಯಂ ಸುಮಾರು 0.9 ಮಿಲಿಮೀಟರು ಹಿಗ್ಗುತ್ತದೆ. ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಬೋಲ್ಟುಗಳು ಎರಡನ್ನೂ ಬಿಗಿದು ಹಿಡಿದಿರುವಾಗ ಹಿಗ್ಗಲು ಎಡೆಯಿಲ್ಲದ ಅಲ್ಯೂಮಿನಿಯಂ ಬಿಸಿಯಲ್ಲಿ ಮೆದುವಾಗಿ ಒಳಗೊಳಗೇ ನಲುಗುತ್ತದೆ. ಆರಿದ ಮೇಲೆ ಮೊದಲಿನ ಆಕಾರಕ್ಕೆ ಹಿಂದಿರುಗದೆ ಬಾಗಿಯೇ ಉಳಿಯುತ್ತದೆ. ನಡುವೆ ಸಿಕ್ಕಿದ ಗ್ಯಾಸ್ಕೆಟ್ಟಿನ ಮೇಲಿನ ಹಿಡಿತ ಒಂದೆಡೆ ಸಡಿಲವಾಗುತ್ತದೆ. ಹಿಂದೆ ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಅಂಬಾಸಿಡರಿನ 1489 ಘನ ಸೆಂಟಿಮೀಟರಿನ ಎಂಜಿನ್ನಿನಲ್ಲಿ ತಲೆಯೂ ಒಡಲೂ ಕಬ್ಬಿಣದವೇ ಆಗಿದ್ದುದರಿಂದ ಈ ಎಳೆದಾಟ ಕಡಿಮೆಯಿತ್ತು. ಹಗುರವೂ ಶಾಖವಾಹಕವೂ ಆದ ಅಲ್ಯೂಮಿನಿಯಮನ್ನು ಒಲಿಸಿಕೊಂಡದ್ದಕ್ಕೆ ತೆರಬೇಕಾದ ಬೆಲೆ ಇದು.

ಚಾಲಕನು ಘಾಟಿಯ ಮೇಲೆ ಗಾಡಿಯನ್ನು ಆರಲು ಬಿಟ್ಟು, ಸುಮಾರು 3 ಲೀಟರು ನೀರು ತುಂಬಿಸಿ ಮೂಡಿಗೆರೆ ತಲುಪಿದನು. ಮರುದಿನ ಬೆಳಗ್ಗೆ ನೋಡಿದರೆ ನೀರಿನ ಮಟ್ಟ ಮತ್ತೆ ಅರ್ಧ ಲೀಟರಿನಷ್ಟು ತಗ್ಗಿದೆ. ಗಾಡಿಯ ಕೆಳಗೆ ನೆಲ ಒಣಗಿದೆ. ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ಕನ್ನು ಎಳೆದರೆ ಎಣ್ಣೆ ಮೇಲಿನ ಗೆರೆಯನ್ನೂ ದಾಟಿದೆ. ಬಣ್ಣವೋ, ಹಾಲು ಹೆಚ್ಚಾದ ಕಾಫಿ!

ಎಣ್ಣೆ ಎಂಜಿನ್ನಿನಲ್ಲಿ ತಾನಾಗಿ ಹೆಚ್ಚುವ ವಸ್ತುವಲ್ಲ. ಆದ್ದರಿಂದ ಅದರ ಮಟ್ಟ ಏರಿತೆಂದರೆ ಬೇರೊಂದು ದ್ರವ ಸೇರಿದೆಯೆಂದೇ ಅರ್ಥ. ಅದು ಉರಿಯದ ಪೆಟ್ರೋಲೋ ಡೀಸೆಲ್ಲೋ ಆಗಿದ್ದರೆ ಎಣ್ಣೆ ತೆಳುವಾಗಿ ವಾಸನೆ ಬೀರುತ್ತದೆ, ಬಣ್ಣ ಬಿಳುಪೇರುವುದಿಲ್ಲ. ನೀರಾದರೆ ಬಿಳುಪೇರುತ್ತದೆ. ಎಣ್ಣೆಯೂ ನೀರೂ ಬೆರೆಯುವುದಿಲ್ಲವಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕ್ರ್ಯಾಂಕ್ ದಂಡವು ಅವನ್ನು ಕಡೆಯುತ್ತದೆ. ಮಸಿಯನ್ನು ತೊಳೆಯಲೆಂದು ಎಣ್ಣೆಗೆ ಮೊದಲೇ ಸೇರಿಸಿರುವ ಸಾಬೂನಿನಂಥ ವಸ್ತುಗಳು ನೀರಿನ ಕಿರುಹನಿಗಳನ್ನು ಒಂದುಗೂಡಲು ಬಿಡುವುದಿಲ್ಲ. ಮೊಸರನ್ನು ಕಡೆದರೆ ಜಿಡ್ಡು ಬೇರ್ಪಡುತ್ತದೆ. ಇಲ್ಲಿ ಕಡೆತದಿಂದ ಜಿಡ್ಡೂ ನೀರೂ ಒಂದಾಗುತ್ತವೆ. ಅಸಂಖ್ಯಾತ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುವುದರಿಂದ, ಹಾಲಿನಲ್ಲಿ ಆಗುವಂತೆಯೇ, ಬೆರಕೆ ಬೆಳ್ಳಗೆ ಕಾಣುತ್ತದೆ.

ಈ ಬೆರಕೆ ಏಕೆ ಮಾರಕ? ಕ್ರ್ಯಾಂಕ್ ದಂಡವು ತನ್ನ ಬೇರಿಂಗುಗಳ ಮೇಲೆ ನೇರವಾಗಿ ಕುಳಿತಿಲ್ಲ; ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ ದಪ್ಪದ ಎಣ್ಣೆಯ ಪೊರೆಯ ಮೇಲೆ ತೇಲುತ್ತಿದೆ. ಎಣ್ಣೆಯ ಸ್ನಿಗ್ಧತೆಯೇ ಆ ಪೊರೆಗೆ ಆಧಾರ. ನೀರಿನ ಹನಿ ಅಲ್ಲಿಗೆ ಬಂದರೆ ಭಾರಕ್ಕೂ ಬಿಸಿಗೂ ಪೊರೆ ಹರಿದು ಲೋಹ ಲೋಹವನ್ನು ಮುಟ್ಟುತ್ತದೆ. ಗ್ಲೈಕಾಲ್ ಇನ್ನೂ ಕೆಟ್ಟದ್ದು. ಅದು ಬಿಸಿ ಎಣ್ಣೆಯಲ್ಲಿ ಒಡೆದು ಆಮ್ಲಗಳಾಗಿ ಬೇರಿಂಗಿನ ಸೀಸ ತಾಮ್ರಗಳನ್ನು ತಿನ್ನುತ್ತದೆ. ಅಂಟಂಟಾದ ರಾಡಿಯಾಗಿ ಎಣ್ಣೆಯ ಶೋಧಕವನ್ನು ಮುಚ್ಚುತ್ತದೆ. ಹಾಲಿನಂಥ ಎಣ್ಣೆ ಕಂಡ ಮೇಲೆ ಎಂಜಿನ್ನನ್ನು ಚಾಲೂ ಮಾಡಲೇಬಾರದು. ವರ್ಕ್‌ಷಾಪು ಎರಡೇ ಮೈಲಿ ದೂರವಿದ್ದರೂ ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು. ತಲೆಯ ರಿಪೇರಿಗೂ ಇಡೀ ಎಂಜಿನ್ನಿನ ರಿಪೇರಿಗೂ ಇರುವ ಖರ್ಚಿನ ಅಂತರ ಆ ಎರಡು ಮೈಲಿಯಲ್ಲಿದೆ.

ಇಲ್ಲಿಯೇ ಒಂದು ತಪ್ಪು ತೀರ್ಪಿನ ಬಗೆಗೆ ಹೇಳಬೇಕು. ಎಣ್ಣೆ ತುಂಬುವ ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂಥ ಹಳದಿ ಲೇಪವನ್ನು ಕಂಡು, ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂದುಬಿಡುವವರಿದ್ದಾರೆ. ಪೆಟ್ರೋಲು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಅದು ಉರಿದಾಗ ಇಂಗಾಲದ ಡೈಆಕ್ಸೈಡಿನ ಜೊತೆಗೆ ನೀರೂ ಹುಟ್ಟುತ್ತದೆ. ಆಕ್ಟೇನಿನ ಸಮೀಕರಣವನ್ನು ಬರೆದು ಲೆಕ್ಕ ಹಾಕಿರಿ: 114 ಗ್ರಾಂ ಆಕ್ಟೇನಿಗೆ 162 ಗ್ರಾಂ ನೀರು. ಎಂದರೆ, ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರು ನೀರು! ಅದರ ಬಹುಭಾಗ ಆವಿಯಾಗಿ ಹೊಗೆಕೊಳವೆಯಿಂದ ಹೋಗುತ್ತದೆ. ಅಲ್ಪಭಾಗ ಪಿಸ್ಟನ್ ಉಂಗುರಗಳ ಸಂದಿನಿಂದ ಕೆಳಗಿಳಿಯುತ್ತದೆ. ದಿನಕ್ಕೆರಡು ಮೈಲಿ ಓಡಿ ನಿಲ್ಲುವ ಗಾಡಿಯಲ್ಲಿ, ಅದರಲ್ಲಿಯೂ ಮಲೆನಾಡಿನ ಮಳೆಗಾಲದಲ್ಲಿ, ಎಣ್ಣೆ ಚೆನ್ನಾಗಿ ಬಿಸಿಯಾಗದೆ ಈ ಆವಿ ತಂಪಾದ ಮುಚ್ಚಳದ ಮೇಲೆ ಸಾಂದ್ರೀಕರಿಸುತ್ತದೆ. ಒಂದು ಗಂಟೆಯ ದೂರಪ್ರಯಾಣದಲ್ಲಿ ಆ ಲೇಪ ಮಾಯವಾಗುವುದುಂಟು. ಹೀಗಿರಲು ಮುಚ್ಚಳದ ಬೆಣ್ಣೆ ಸಾಕ್ಷಿಯಲ್ಲ. ಡಿಪ್‌ಸ್ಟಿಕ್ಕಿನ ತುದಿಯವರೆಗೆ ಎಣ್ಣೆ ಬಿಳುಪೇರಿದ್ದು, ಅದರ ಮಟ್ಟ ಏರಿದ್ದು, ಅದೇ ಕಾಲಕ್ಕೆ ರೇಡಿಯೇಟರಿನ ನೀರು ಇಳಿದಿದ್ದರೆ ಮಾತ್ರ ಸಾಕ್ಷಿ ಪೂರ್ಣ. ಒಂದು ಖಾತೆಯಲ್ಲಿ ಖರ್ಚಾದದ್ದು ಇನ್ನೊಂದರಲ್ಲಿ ಜಮೆಯಾಗಿರಬೇಕು.

ಸಂದೇಹವಿದ್ದರೆ ಒಂದು ಹನಿ ಎಣ್ಣೆಯನ್ನು ಸುಮಾರು 150 ಡಿಗ್ರಿಗೆ ಕಾಯಿಸಿದ ಲೋಹದ ತಗಡಿನ ಮೇಲೆ ಬಿಡಬಹುದು. ನೀರಿದ್ದರೆ ಒಗ್ಗರಣೆಗೆ ಹಾಕಿದ ಹಸಿ ಕರಿಬೇವಿನಂತೆ ಚಟಪಟನೆ ಸಿಡಿಯುತ್ತದೆ. ಶುದ್ಧವಾದ ಎಣ್ಣೆ ಸುಮ್ಮನೆ ಹರಡುತ್ತದೆ. ಕಣ್ಣಿಗೆ ಕನ್ನಡಕ ಅಗತ್ಯ. ಇದು ನೀರಿದೆಯೆಂದು ಹೇಳುತ್ತದೆಯೇ ಹೊರತು ಯಾವ ನೀರೆಂದು ಹೇಳಲಾರದು. ಅದನ್ನು ತಿಳಿಯಬೇಕಾದರೆ ಪ್ರಯೋಗಾಲಯದಲ್ಲಿ ಗ್ಲೈಕಾಲನ್ನೂ ಕೂಲೆಂಟಿನ ಲವಣಗಳಿಂದ ಬಂದ ಸೋಡಿಯಂ, ಪೊಟ್ಯಾಸಿಯಂಗಳನ್ನೂ ಹುಡುಕುತ್ತಾರೆ.

ನಮ್ಮ ಉದಾಹರಣೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಉಳಿದದ್ದು ಮುಖ್ಯ ಪ್ರಶ್ನೆ: ಗಡಿ ಒಡೆದದ್ದು ಎಲ್ಲಿ? ಇದಕ್ಕೆ ಉತ್ತರ ದೊರೆಯುವುದು ಎಲ್ಲರಿಗೂ ತಿಳಿದ ಒಂದು ನಿಯಮದಿಂದ. ದ್ರವವಾಗಲಿ ಅನಿಲವಾಗಲಿ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಿಯುತ್ತದೆ. ಎಂಜಿನ್ನು ಓಡುತ್ತಿರುವಾಗ ಉರಿಯುವ ಅನಿಲದ ಒತ್ತಡ ಚದರ ಸೆಂಟಿಮೀಟರಿಗೆ ಹತ್ತಾರು ಕಿಲೋಗ್ರಾಂ. ಪಂಪು ತಳ್ಳುವ ಎಣ್ಣೆಯದು ಸಾಮಾನ್ಯವಾಗಿ 3-4. ನೀರಿನದು ಸುಮಾರು 1. ಕೆಲಸ ಮುಗಿಸಿ ಕೆಳಗಿನ ಚೇಂಬರಿಗೆ ಮರಳಿ ಜಾರುವ ಎಣ್ಣೆಯದು ಹೆಚ್ಚುಕಡಿಮೆ ಸೊನ್ನೆ. ಎಂಜಿನ್ನು ನಿಂತಿತೆನ್ನಿ. ಅನಿಲದ ಒತ್ತಡವೂ ಪಂಪಿನ ಎಣ್ಣೆಯ ಒತ್ತಡವೂ ಒಡನೆಯೇ ಇಲ್ಲವಾಗುತ್ತವೆ. ನೀರು ಮಾತ್ರ ಇನ್ನೂ ಬಿಸಿಯಾಗಿದೆ, ಮುಚ್ಚಳ ಬಿಗಿಯಾಗಿದೆ. ಅದರ ಒತ್ತಡ ಹಾಗೆಯೇ ಇದೆ. ಬಿಸಿ ಆರುವವರೆಗೆ ಆ ರಾಜ್ಯದಲ್ಲಿ ನೀರೇ ಅರಸು.

ಈ ನಿಯಮವನ್ನು ಒಂದೊಂದು ಬಗೆಯ ಬಿರುಕಿಗೂ ಹೊಂದಿಸಿ ನೋಡಿರಿ. ಸಿಲಿಂಡರಿಗೂ ನೀರಿಗೂ ನಡುವೆ ತೂತಾಗಿದ್ದರೆ, ಓಡುವಾಗ ಅನಿಲವು ನೀರಿಗೆ ನುಗ್ಗುತ್ತದೆ; ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿದ ಒಂದೆರಡು ನಿಮಿಷದಲ್ಲಿಯೇ, ನೀರಿನ್ನೂ ಬಿಸಿಯಾಗುವ ಮೊದಲೇ, ರೇಡಿಯೇಟರಿನ ರಬ್ಬರು ಕೊಳವೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ನಿಲ್ಲಿಸಿದಾಗ ಇದೇ ತೂತಿನಿಂದ ನೀರು ಸಿಲಿಂಡರಿಗೆ ಜಿನುಗುತ್ತದೆ. ಬೆಳಗ್ಗೆ ಚಾಲೂ ಮಾಡಿದರೆ ಒಂದು ಸಿಲಿಂಡರು ತಡವರಿಸಿ ಬಿಳಿಯ ಆವಿ ಮೋಡದಂತೆ ಹೊರಬರುತ್ತದೆ. ಪಂಪಿನ ಎಣ್ಣೆಯ ದಾರಿಗೂ ನೀರಿಗೂ ನಡುವೆ ಒಡೆದಿದ್ದರೆ, ಓಡುವಾಗ ಎಣ್ಣೆಯೇ ನೀರಿಗೆ ಸೇರಿ ರೇಡಿಯೇಟರಿನಲ್ಲಿ ಜಿಡ್ಡು ತೇಲುತ್ತದೆ. ನಿಂತಾಗ ಹರಿವು ತಿರುಗುಮುರುಗಾಗುತ್ತದೆ. ಎಣ್ಣೆಯನ್ನು ನೀರಿನಿಂದ ತಂಪಾಗಿಸುವ ಆಯಿಲ್ ಕೂಲರ್ ಇರುವ ಎಂಜಿನ್ನುಗಳಲ್ಲಿ ಇಂಥ ಚಿಹ್ನೆ ಕಂಡರೆ ಮೊದಲು ಅದನ್ನೇ ಶಂಕಿಸಬೇಕು. ತಲೆಯನ್ನು ಬಿಚ್ಚಿ ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ ದೋಷ ಕೂಲರಿನಲ್ಲಿತ್ತೆಂದು ತಿಳಿದರೆ ಹಣವೂ ಹೋಯಿತು, ದೋಷವೂ ಉಳಿಯಿತು. ಲಾರಿ, ಟ್ರಾಕ್ಟರುಗಳ ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಸಿಲಿಂಡರಿನ ತೋಳಿನ ಬುಡಕ್ಕೆ ಹಾಕಿದ ರಬ್ಬರು ಬಳೆಗಳು ಸವೆದು ನೀರು ನೇರವಾಗಿ ಚೇಂಬರಿಗಿಳಿಯುವುದೂ ಉಂಟು. ಕೊನೆಯದಾಗಿ, ಮರಳಿ ಬರುವ ಎಣ್ಣೆಯ ದಾರಿಗೂ ನೀರಿಗೂ ನಡುವೆ ಗ್ಯಾಸ್ಕೆಟ್ ಒಡೆದಿದ್ದರೆ, ಎಂಜಿನ್ನು ಓಡಲಿ ನಿಲ್ಲಲಿ, ನೀರು ಎಣ್ಣೆಗೆ ಇಳಿಯುತ್ತಲೇ ಇರುತ್ತದೆ. ಎಣ್ಣೆ ನೀರಿಗೆ ಹೋಗುವುದಿಲ್ಲ. ನಮ್ಮ ಗಾಡಿಯ ರೇಡಿಯೇಟರಿನಲ್ಲಿ ಜಿಡ್ಡಿನ ಸುಳಿವಿಲ್ಲ. ಆಯಿಲ್ ಕೂಲರ್ ಆ ಮಾದರಿಗೆ ಇಲ್ಲವೇ ಇಲ್ಲ. ಶಂಕೆ ಈ ಕೊನೆಯ ಬಗೆಯ ಕಡೆಗೆ ವಾಲುತ್ತದೆ. ಇದನ್ನು ಪರೀಕ್ಷೆಗಳಿಂದ ಗಟ್ಟಿಮಾಡಿಕೊಳ್ಳಬೇಕು.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಹೊಸದಾಗಿ ಇಳಿದ ನೀರು ಎಣ್ಣೆಗಿಂತ ಭಾರವಾದ್ದರಿಂದ ಚೇಂಬರಿನ ತಳ ಸೇರಿರುತ್ತದೆ. ತಳದ ಬಿರಡೆಯನ್ನು ಮೆಲ್ಲಗೆ ಸಡಿಲಿಸಿದಾಗ ಮೊದಲು ಹಸಿರು ಛಾಯೆಯ ನೀರು, ಅನಂತರ ಹಾಲೆಣ್ಣೆ ಬಂದವು. ಆಮೇಲೆ ರೇಡಿಯೇಟರಿನ ಬಾಯಿಗೆ ಮಾಪಕವಿರುವ ಕೈಪಂಪನ್ನು ಕೂಡಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡಕ್ಕೆ ಗಾಳಿ ತುಂಬಿ ಕಾಯಬೇಕು. ಇದು ಎಂಜಿನ್ನು ನಿಂತಿರುವಾಗಲೇ ನೀರನ್ನು ಅರಸನನ್ನಾಗಿ ಮಾಡುವ ಉಪಾಯ. ಮುಳ್ಳು ಇಳಿಯಿತು, ಹೊರಗೆ ಎಲ್ಲಿಯೂ ತೊಟ್ಟಿಕ್ಕಲಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ದೀಪ ಹಾಕಿ ನೋಡಿದರೆ ನಾಲ್ಕು ಸಿಲಿಂಡರುಗಳೂ ಒಣಗಿವೆ. ತೆರೆದಿಟ್ಟ ತಳದ ತೂತಿನಿಂದ ಮಾತ್ರ ತೊಟ್ಟು ತೊಟ್ಟಾಗಿ ನೀರು.

ರಸಾಯನಶಾಸ್ತ್ರದ ಒಂದು ಪರೀಕ್ಷೆಯೂ ಇದೆ. ರೇಡಿಯೇಟರಿನ ನೀರಿನ ಮೇಲಿನ ಗಾಳಿಯನ್ನು ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕದ ನೀಲಿ ದ್ರಾವಣದ ಮೂಲಕ ಹಾಯಿಸುತ್ತಾರೆ. ಸಿಲಿಂಡರಿನ ಅನಿಲ ನೀರಿಗೆ ಸೋರುತ್ತಿದ್ದರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡು ಕಾರ್ಬಾನಿಕ್ ಆಮ್ಲವಾಗಿ ನೀಲಿಯನ್ನು ಹಳದಿಗೆ ತಿರುಗಿಸುತ್ತದೆ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಉಸಿರೂದಿ ಬಿಳುಪಾಗಿಸುವ ಪ್ರಯೋಗದ ಒಡಹುಟ್ಟು ಇದು. ಆದರೆ ಇದಕ್ಕೆ ಎಂಜಿನ್ನನ್ನು ಓಡಿಸಬೇಕು. ಹಾಲೆಣ್ಣೆಯಿರುವ ಗಾಡಿಯಲ್ಲಿ ಅದು ಸಲ್ಲದು. ಮೇಲಾಗಿ ದ್ರಾವಣ ನೀಲಿಯಾಗಿಯೇ ಉಳಿದರೆ ಗ್ಯಾಸ್ಕೆಟ್ ನಿರ್ದೋಷಿ ಎಂದಾಗುವುದಿಲ್ಲ: ಬಿರುಕು ನೀರಿಗೂ ಎಣ್ಣೆಗೂ ನಡುವೆ ಮಾತ್ರವಿದ್ದರೆ ಅನಿಲಕ್ಕೆ ಅಲ್ಲಿ ದಾರಿಯೇ ಇಲ್ಲ. ಒಂದು ಪರೀಕ್ಷೆ ಯಾವ ಪ್ರಶ್ನೆಯನ್ನು ಕೇಳುತ್ತಿದೆ ಎಂಬುದನ್ನು ಮರೆತು ಉತ್ತರವನ್ನು ಓದುವುದು ವರ್ಕ್‌ಷಾಪಿನಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಸಮಾನವಾಗಿ ಕಾಣುವ ದೋಷ.

ಈಗ ತಲೆಯನ್ನು ಬಿಚ್ಚಲು ಸಕಾರಣವಿದೆ. ಬಿಚ್ಚಿದಾಗ ಗ್ಯಾಸ್ಕೆಟ್ಟಿನಲ್ಲಿ ನೀರಿನ ತೂತಿಗೂ ಎಣ್ಣೆ ಮರಳುವ ತೂತಿಗೂ ನಡುವೆ ಹಿಡಿತ ತಪ್ಪಿದ ಗುರುತು ಕಂಡಿತು. ತಲೆಯ ಅಡಿಮೈಗೆ ಉಕ್ಕಿನ ನೇರಪಟ್ಟಿಯನ್ನಿಟ್ಟು, ಸಂದಿನಲ್ಲಿ ಅಳತೆಯ ತೆಳುತಗಡುಗಳನ್ನು ತೂರಿಸಿದರೆ 0.15 ಮಿಲಿಮೀಟರಿನದು ಹೋಯಿತು. ತಯಾರಕರು ಸಾಮಾನ್ಯವಾಗಿ ಅದರ ಮೂರರಲ್ಲೆರಡು ಭಾಗಕ್ಕಿಂತ ಹೆಚ್ಚು ಬಾಗನ್ನು ಒಪ್ಪುವುದಿಲ್ಲ. ಹೊಸ ಗ್ಯಾಸ್ಕೆಟ್ಟನ್ನು ಹಾಗೆಯೇ ಕೂಡಿಸಿದರೆ ಅದು ಮತ್ತೆ ಸೋರುವುದು ಖಂಡಿತ. ತಲೆಯನ್ನು ಲೇತಿನಂಗಡಿಗೆ ಕಳುಹಿಸಿ, ಮೊದಲು ಅದರ ನೀರಿನ ದಾರಿಗಳನ್ನು ಮುಚ್ಚಿ ಗಾಳಿ ತುಂಬಿ ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುವುದೇ ನೋಡಬೇಕು. ಬಿರುಕಿಲ್ಲವೆಂದಾದ ಮೇಲೆ ಮೈಯನ್ನು ಸಮತಟ್ಟಾಗಿ ಹೆರೆಸಬೇಕು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ತಯಾರಕರು ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಯಬೇಕು. ಕೆಟ್ಟ ಎಣ್ಣೆಯನ್ನೂ ಶೋಧಕವನ್ನೂ ಎಸೆದು ಹೊಸದನ್ನು ಹಾಕಿ, ಸ್ವಲ್ಪ ಹೊತ್ತು ಓಡಿಸಿ ಅದನ್ನೂ ಚೆಲ್ಲಿ, ಇನ್ನೊಮ್ಮೆ ತುಂಬಬೇಕು. ಮೂಲೆಗಳಲ್ಲಿ ಉಳಿದ ಗ್ಲೈಕಾಲ್ ಒಂದೇ ಸಲಕ್ಕೆ ಹೋಗುವುದಿಲ್ಲ.

ಇಷ್ಟಾದರೂ ರೋಗದ ಮೂಲ ಇನ್ನೂ ಸಿಕ್ಕಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಗ್ಯಾಸ್ಕೆಟ್ ಒಡೆದದ್ದು ಬಿಸಿಯೇರಿದ್ದರಿಂದ, ಬಿಸಿಯೇರಿದ್ದು ಏತರಿಂದ? ಬಯಲಿನಲ್ಲಿ ಸರಿಯಾಗಿದ್ದು ಏರಿನಲ್ಲಿ ಮಾತ್ರ ಕೈಕೊಟ್ಟಿತೆಂದರೆ ನೀರಿನ ಹರಿವು ಪೂರ್ತಿ ನಿಂತಿರಲಿಲ್ಲ, ಸಾಲದಾಗಿತ್ತು. ರೇಡಿಯೇಟರು ಕಟ್ಟಿಕೊಂಡಿರಲಿಲ್ಲ, ಪಂಪೂ ಬೀಸಣಿಗೆಯೂ ಸರಿಯಾಗಿದ್ದವು. ಉಳಿದದ್ದು ಥರ್ಮೋಸ್ಟ್ಯಾಟ್. ಅದರ ಹೊಟ್ಟೆಯಲ್ಲಿರುವ ಮೇಣ ಬಿಸಿಗೆ ಕರಗಿ ಹಿಗ್ಗಿ, ರೇಡಿಯೇಟರಿಗೆ ಹೋಗುವ ಬಾಗಿಲನ್ನು ತಳ್ಳಿ ತೆರೆಯುತ್ತದೆ. ಯಾವ ಉಷ್ಣತೆಗೆ ತೆರೆಯಬೇಕೆಂಬುದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಇದರ ಮೇಲೆ ಇದ್ದದ್ದು 88. ಪಾತ್ರೆಯ ನೀರಿನಲ್ಲಿ ಉಷ್ಣಮಾಪಕದೊಡನೆ ತೂಗುಬಿಟ್ಟು ಕಾಯಿಸಿದರೆ, 88 ದಾಟಿ ನೀರು ಕುದಿಯತೊಡಗಿದರೂ ಅದರ ಬಾಗಿಲು ಉಗುರು ತೂರುವಷ್ಟು ಮಾತ್ರ ತೆರೆದು ಅಲ್ಲಿಯೇ ಸಿಕ್ಕಿಕೊಂಡಿತು. ಬಯಲಿಗೆ ಆ ಸಂದು ಸಾಕಾಗಿತ್ತು, ಘಾಟಿಗೆ ಸಾಲಲಿಲ್ಲ. ಅದರ ಜಾಗಕ್ಕೆ ತಂದ ಹೊಸ ಥರ್ಮೋಸ್ಟ್ಯಾಟನ್ನೂ ಅದೇ ಪಾತ್ರೆಯಲ್ಲಿ ತೂಗುಬಿಟ್ಟು, ಬಾಗಿಲು ಪೂರ್ತಿ ತೆರೆಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಗಾಡಿಗೆ ಕೂಡಿಸಬೇಕು.